ನ್ಯೂ ಫೋಲ್ಡರ್ (2)

ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನ ಎದುರು ‘ಜೆರಾಕ್ಸ್ ಮತ್ತು ಡಿಟಿಪಿ’ ಎಂದು ಬೋರ್ಡು ಹಾಕಿಕೊಂಡ ಅಂಗಡಿಗೆ ಅಕ್ಟೋಬರ್ ಕೊನೆಯ ವಾರದಲ್ಲಿ ಹೋಗಿ ನೋಡಬೇಕು. ರಾಜ್ಯೋತ್ಸವದ ಕರಪತ್ರ, ಸಂಘದ ಸ್ಮರಣ ಸಂಚಿಕೆ, ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ಯಾರದೋ ವೈಕುಂಠ ಸಮಾರಾಧನೆಯ ಆಹ್ವಾನ, ಎಲ್ಲವೂ ಒಂದೇ ಪರದೆಯ ಮೇಲೆ. ಹಿಂದುಗಡೆ ದೇವರ ಪಟವೊಂದಿದೆ, ಆದರೆ ಅದು ವೆಂಕಟರಮಣನೋ ಮಂಜುನಾಥನೋ ಹೇಳುವಂತಿಲ್ಲ. ಐಕಾನುಗಳು ಅಷ್ಟು ಒತ್ತಾಗಿ ಕೂತಿವೆ. ಫೈನಲ್, ಫೈನಲ್ 1, ನ್ಯೂ ಫೈನಲ್, ಫೈನಲ್ ಕರೆಕ್ಷನ್, ಪ್ರಿಂಟ್‌ಗೆ. ನಡುನಡುವೆ ನ್ಯೂ ಫೋಲ್ಡರ್, ನ್ಯೂ ಫೋಲ್ಡರ್ (2), ನ್ಯೂ ಫೋಲ್ಡರ್ (3).

ಗಿರಾಕಿ ಬರುತ್ತಾರೆ. “ಹೋದ ವರ್ಷ ನೀನೇ ಮಾಡ್ಕೊಟ್ಟಿದ್ದೆಯಲ್ಲಪ್ಪ, ಅದ್ರಲ್ಲೇ ಡೇಟು, ಅಧ್ಯಕ್ಷರ ಹೆಸರು ಎರಡು ಚೇಂಜ್ ಮಾಡ್ಬಿಡು, ಸಾಕು.”

“ಏನಂತ ಸೇವ್ ಮಾಡಿದ್ದೆ ಸರ್?”

“ಅದು ನಿಂಗೆ ಗೊತ್ತಿರ್ಬೇಕು ಕಣಪ್ಪ.”

“ಎರಡೇ ನಿಮಿಷ ಸರ್.”

ಎರಡು ನಿಮಿಷ ಇಪ್ಪತ್ತಾದ ಮೇಲೆ ಹುಡುಗ ಕತ್ತು ತುರಿಸಿಕೊಳ್ಳುತ್ತಾನೆ. “ಹಳೇದು ಒಂದು ಕಾಪಿ ತಂದಿದ್ದೀರಾ ಸರ್? ಹೊಸದಾಗೇ ಟೈಪ್ ಮಾಡ್ಬಿಡ್ತೀನಿ.”

ಹುಡುಗನನ್ನು ಸೋಮಾರಿ ಎನ್ನುವಂತಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಕೂತ ಕಡೆಯೇ ಕೂತು ದುಡಿಯುವವನು ಅವನು. ಅವನ ಮುಂದಿರುವ ಯಂತ್ರವೇ ಸಾಮಾನುಗಳನ್ನು ಜಾತಿವಾರು ಬೇರ್ಪಡಿಸಿ ಕೊಟ್ಟಿದೆ. ವಿಂಡೋಸ್ ಕಂಪ್ಯೂಟರ್ ತೆರೆದ ಕೂಡಲೇ ಎದುರಾಗುವ ಸಿದ್ಧ ಖಾನೆಗಳನ್ನು ನೋಡಿ: ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ವೀಡಿಯೋಸ್, ಡೌನ್‌ಲೋಡ್ಸ್. ಬರಹವಾದರೆ ಇಲ್ಲಿ, ಚಿತ್ರವಾದರೆ ಅಲ್ಲಿ, ಹೊರಗಿನಿಂದ ಬಂದದ್ದು ಇನ್ನೊಂದು ಕಡೆ. ಕೆಲಸ ಬರುವುದು ಹೀಗಲ್ಲ.

ಒಂದು ಸ್ಮರಣ ಸಂಚಿಕೆಯನ್ನೇ ತೆಗೆದುಕೊಳ್ಳಿ. ಲೇಖನಗಳಲ್ಲಿ ಕೆಲವು ನುಡಿ ತಂತ್ರಾಂಶದಲ್ಲಿ ಟೈಪಾಗಿ ಪೆನ್‌ಡ್ರೈವಿನಲ್ಲಿ ಬಂದವು, ಕೆಲವನ್ನು ಲೇಖಕರು ಮೊಬೈಲಿನಲ್ಲೇ ಕುಟ್ಟಿ ವಾಟ್ಸಾಪಿಗೆ ಕಳಿಸಿದ್ದಾರೆ. ನಿವೃತ್ತ ಮೇಷ್ಟ್ರೊಬ್ಬರು ಕೈಯಲ್ಲಿ ಬರೆದು ಆ ಹಾಳೆಗಳ ಫೋಟೊ ತೆಗೆದು ಕಳಿಸಿದ್ದಾರೆ, ಮೂರನೇ ಪುಟ ತಲೆಕೆಳಗು. ಸಚಿವರ ಶುಭ ಸಂದೇಶ ಲೆಟರ್‌ಹೆಡ್ಡಿನ ಸಮೇತ ಪಿಡಿಎಫ್ ಆಗಿ ಇಮೇಲಿಗೆ ಬಂದಿದೆ. ಚಿನ್ನದಂಗಡಿಯ ಜಾಹೀರಾತು ಕೋರೆಲ್‌ಡ್ರಾದಲ್ಲಿ. ಸಹಕಾರಿ ಬ್ಯಾಂಕಿನವರು “ಹೋದ ವರ್ಷದ್ದೇ ಹಾಕಿ” ಎಂದುಬಿಟ್ಟಿದ್ದಾರೆ, ಹೋದ ವರ್ಷದ್ದು ಎಲ್ಲಿದೆಯೋ ನೋಡಬೇಕು. ಪುಟ ಕಟ್ಟುತ್ತಿರುವ ಪೇಜ್‌ಮೇಕರ್ ಫೈಲು ಡೆಸ್ಕ್‌ಟಾಪಿನ ಮೇಲೆ. ಕೆಲಸ ಒಂದು, ಬಿಡಾರ ಆರು. ಅಷ್ಟನ್ನೂ ಜೋಡಿಸಿಡುವ ದಾರ ಆ ಹುಡುಗನ ತಲೆಯೊಳಗೆ ಮಾತ್ರ ಇದೆ. ಸಂಬಳ ಹೆಚ್ಚು ಕೊಡುತ್ತೇವೆಂದು ಪಕ್ಕದ ಜಿಲ್ಲೆಯ ಪ್ರೆಸ್ಸಿನವರು ಕರೆದರೆ ಅವನು ಹೊರಡುತ್ತಾನೆ, ಅವನ ಜೊತೆ ದಾರವೂ ಹೊರಡುತ್ತದೆ.

ಅದೇ ರಸ್ತೆಯ ದರ್ಜಿಯನ್ನು ನೋಡಿ. ಒಬ್ಬರ ರವಿಕೆ ಬಟ್ಟೆ, ಲೈನಿಂಗು, ಅಳತೆಗೆ ಕೊಟ್ಟ ಹಳೆಯ ರವಿಕೆ, ಸೀರೆಯ ಫಾಲ್ಸು, ಎಲ್ಲವನ್ನೂ ಒಂದೇ ಗಂಟು ಕಟ್ಟಿ ಮೇಲೆ ಚೀಟಿ ಸಿಕ್ಕಿಸಿರುತ್ತಾನೆ. ಊರಿನವರ ಲೈನಿಂಗುಗಳೆಲ್ಲ ಒಂದು ಕಪಾಟಿನಲ್ಲಿ, ಅಳತೆ ರವಿಕೆಗಳೆಲ್ಲ ಇನ್ನೊಂದು ಕಪಾಟಿನಲ್ಲಿ ಎಂದು ಅವನೇನಾದರೂ ಜೋಡಿಸಿಟ್ಟರೆ ನೋಡಲು ಚೆಂದವಿದ್ದೀತು, ಹಬ್ಬಕ್ಕೆ ಮಾತ್ರ ಯಾರ ರವಿಕೆಯೂ ಸಿದ್ಧವಾಗದು.

ಸರ್ಕಾರಿ ಕಚೇರಿಯನ್ನು ಬೈಯಲು ನಮಗೆ ಕಾರಣಗಳು ಬೇಕಾದಷ್ಟಿವೆ. ಆದರೆ ಒಂದು ಸಂಗತಿಯನ್ನು ಅವರು ಮೊದಲಿನಿಂದ ಸರಿಯಾಗಿ ಹಿಡಿದಿದ್ದಾರೆ: ಒಂದು ವಿಷಯಕ್ಕೆ ಒಂದು ಕಡತ. ಬಂದ ಅರ್ಜಿ, ಹೋದ ಉತ್ತರ, ನಕ್ಷೆ, ರಸೀದಿಯ ನಕಲು, ಮೇಲಿನವರು ಬರೆದ ಟಿಪ್ಪಣಿ, ಎಲ್ಲ ಅದರೊಳಗೇ. ಕಾಗದದ ಬಣ್ಣ, ಅಳತೆ ನೋಡಿ ಯಾರೂ ಬೇರೆ ಮಾಡುವುದಿಲ್ಲ. ವಿಷಯ ನಿರ್ವಾಹಕರು ವರ್ಗವಾಗಿ ಹೋದರೂ ಮುಂದೆ ಬಂದವರು ಟಿಪ್ಪಣಿ ಹಾಳೆಯನ್ನು ಮೊದಲಿನಿಂದ ತಿರುವಿದರೆ ಏನು ನಡೆದಿದೆ ಎಂಬುದು ತಿಳಿಯುತ್ತದೆ. ಮುಂದಕ್ಕೆ ಹೋಗದಿದ್ದದ್ದು ಯಾಕೆ ಎಂಬುದೂ ತಿಳಿಯುತ್ತದೆ, ಅದು ಬೇರೆ ಮಾತು.

ಕಂಪ್ಯೂಟರಿನಲ್ಲಿ ಈ ಶಿಸ್ತು ಮೊದಲು ಇರಲಿಲ್ಲವೆಂದಲ್ಲ, ಬಲವಂತವಾಗಿ ಇತ್ತು. 1981ರಲ್ಲಿ ಐಬಿಎಂ ಪಿಸಿಯ ಜೊತೆ ಬಂದ ಡಾಸ್‌ನ ಮೊದಲ ಆವೃತ್ತಿಯಲ್ಲಿ ಫೋಲ್ಡರೊಳಗೆ ಫೋಲ್ಡರ್ ಎಂಬ ಏರ್ಪಾಡೇ ಇಲ್ಲ. ಫ್ಲಾಪಿ ತಟ್ಟೆಯ ಮೇಲೆ ಇದ್ದಬದ್ದದ್ದೆಲ್ಲ ಒಂದೇ ಪಟ್ಟಿ. 1983ರಲ್ಲಿ 10 ಎಂಬಿ ಹಾರ್ಡ್ ಡಿಸ್ಕ್ ಇದ್ದ ಎಕ್ಸ್‌ಟಿ ಕಂಪ್ಯೂಟರ್ ಬಂದಾಗ ಡಾಸ್ 2.0 ಉಪಫೋಲ್ಡರುಗಳನ್ನು ತಂದಿತು. ದೊಡ್ಡ ಯಂತ್ರಗಳ ಮಲ್ಟಿಕ್ಸ್ ಯೋಜನೆಯವರು ಟೊಂಗೆ ಟೊಂಗೆಯಾಗಿ ಕವಲೊಡೆಯುವ ಈ ವ್ಯವಸ್ಥೆಯನ್ನು 1965ರಲ್ಲೇ ಬರೆದಿಟ್ಟಿದ್ದರು. ಸಣ್ಣ ಯಂತ್ರಕ್ಕೆ ಅದರ ಅಗತ್ಯ ಬಿದ್ದದ್ದು ಜಾಗ ಹೆಚ್ಚಾದಾಗ. ಆದರೆ ಫ್ಲಾಪಿಯ ಕಾಲದಲ್ಲಿ ಜಾಗದ ಬಡತನವೇ ಶಿಸ್ತು ಕಲಿಸುತ್ತಿತ್ತು. 1.44 ಎಂಬಿಯ ಫ್ಲಾಪಿಯಲ್ಲಿ ಒಂದು ಪುಸ್ತಕದ ಬರಹ ತುಂಬುತ್ತಿತ್ತು, ಮೇಲಿನ ಚೀಟಿಯಲ್ಲಿ ಪುಸ್ತಕದ ಹೆಸರು ಬಾಲ್‌ಪೆನ್ನಿನಲ್ಲಿ. ಪ್ರೆಸ್ಸಿಗೆ ಹೋಗುವುದೂ ಆ ಫ್ಲಾಪಿ, ವಾಪಸು ಬರುವುದೂ ಅದೇ. ಡಿಸ್ಕ್ ಅಗ್ಗವಾಗಿ ಅಂಗಳ ವಿಶಾಲವಾದ ಮೇಲೆ ಸಾಮಾನು ಎಲ್ಲೆಂದರಲ್ಲಿ ಹರಡಿತು.

ಈ ಚೆಲ್ಲಾಪಿಲ್ಲಿಯ ಬಗ್ಗೆ ಓದಿದವರು ಸಾಕಷ್ಟು ತಲೆ ಕೆಡಿಸಿಕೊಂಡಿದ್ದಾರೆ. ಇಸ್ರೇಲಿನ ಓಫರ್ ಬರ್ಗ್‌ಮನ್ ಮತ್ತು ಸಂಗಡಿಗರು 2006ರಲ್ಲಿ ಒಂದು ಪ್ರಬಂಧ ಬರೆದರು. ಒಂದೇ ಯೋಜನೆಗೆ ಸೇರಿದ ಬರಹ ಫೋಲ್ಡರುಗಳಲ್ಲಿ, ಪತ್ರ ಇಮೇಲಿನಲ್ಲಿ, ಅಂತರ್ಜಾಲದ ವಿಳಾಸಗಳು ಬ್ರೌಸರಿನಲ್ಲಿ ಹೀಗೆ ತಂತ್ರಾಂಶಕ್ಕೊಂದು ಚೂರಾಗಿ ಒಡೆದುಹೋಗುತ್ತವೆ, ಜನ ಪ್ರತಿ ಕಡೆಯೂ ಅದದೇ ಹೆಸರಿನ ಫೋಲ್ಡರ್ ಮಾಡಿಕೊಂಡು ಒದ್ದಾಡುತ್ತಾರೆ ಎಂಬುದು ಅವರ ಮಾತಿನ ಸಾರ. ಅವರು ಬರೆದಾಗ ವಾಟ್ಸಾಪ್ ಹುಟ್ಟಿರಲಿಲ್ಲ. ಇವತ್ತು ನಮ್ಮ ಸ್ಮರಣ ಸಂಚಿಕೆಯ ಅರ್ಧ ಭಾಗ ಸಂಪಾದಕ ಮಂಡಳಿಯ ವಾಟ್ಸಾಪ್ ಗುಂಪಿನಲ್ಲಿ, ಶುಭೋದಯದ ಗುಲಾಬಿ ಹೂವುಗಳ ನಡುವೆ ಇದೆ.

“ಇಷ್ಟೆಲ್ಲ ಯಾಕೆ, ಹುಡುಕಿದರೆ ಸಿಗುತ್ತಲ್ಲ” ಎನ್ನುವವರಿದ್ದಾರೆ. ಬುದ್ಧಿವಂತರೇ ಹೀಗೆ ಹೇಳುವುದು. 2004ರಲ್ಲಿ ಜಿಮೇಲ್ ಬಂದಾಗ ಅದರ ಹೆಚ್ಚುಗಾರಿಕೆಯೇ ಅದಾಗಿತ್ತು: ಪತ್ರಗಳನ್ನು ವಿಂಗಡಿಸಬೇಡಿ, ಅಳಿಸಲೂ ಬೇಡಿ, ಬೇಕಾದಾಗ ಹುಡುಕಿ. ಮೈಕ್ರೋಸಾಫ್ಟ್ ಇನ್ನೂ ದೊಡ್ಡ ಕನಸು ಕಂಡಿತ್ತು. ಫೋಲ್ಡರುಗಳ ಹಿಡಿತದಿಂದ ಬಿಡಿಸಿ, ಎಲ್ಲ ಫೈಲುಗಳ ವಿವರವನ್ನೂ ಒಂದು ದತ್ತಕೋಶದಲ್ಲಿ ಇಟ್ಟು, ಕೇಳಿದ್ದನ್ನು ಕೇಳಿದಂತೆ ತೆಗೆದುಕೊಡುವ ವಿನ್‌ಎಫ್‌ಎಸ್ ಎಂಬ ವ್ಯವಸ್ಥೆಯನ್ನು 2003ರಲ್ಲಿ ಘೋಷಿಸಿ, 2006ರಲ್ಲಿ ಕೈಬಿಟ್ಟಿತು. ಫೋಲ್ಡರ್ ಉಳಿದುಕೊಂಡಿತು.

ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗೆ ಹುಡುಕಾಟದ ಭರವಸೆ ಸುಮಾರಾಗಿ ನಡೆಯುತ್ತದೆ ಎಂದೇ ಇಟ್ಟುಕೊಳ್ಳೋಣ. ಕನ್ನಡದಲ್ಲಿ ಕೆಲಸ ಮಾಡುವವರ ಪಾಡು ಬೇರೆ. ಕನ್ನಡ ಅಕ್ಷರಗಳಿಗೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ, ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಎಂಬ ಫಾಂಟ್ ಬಂದದ್ದು 2001ರಲ್ಲಿ. ಆದರೆ ನಮ್ಮ ಡಿಟಿಪಿ ಲೋಕ ಅದಕ್ಕೆ ಕಾಯುತ್ತ ಕೂರಲಿಲ್ಲ, ಕೂರುವಂತೆಯೂ ಇರಲಿಲ್ಲ. ಶ್ರೀಲಿಪಿ, ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಈ ತಂತ್ರಾಂಶಗಳ ಆಸ್ಕಿ ಫಾಂಟುಗಳಲ್ಲಿ ಪುಸ್ತಕಗಳು, ಪತ್ರಿಕೆಗಳು, ಪಠ್ಯಗಳು, ಪ್ರಬಂಧಗಳು ಬಂದವು. ಪೇಜ್‌ಮೇಕರ್ ತನ್ನ ಕೊನೆಯ 7.0 ಆವೃತ್ತಿಯನ್ನು ಕಂಡದ್ದು 2001ರಲ್ಲಾದರೂ ನಮ್ಮ ಅಂಗಡಿಗಳಲ್ಲಿ ಅದಕ್ಕೆ ಇನ್ನೂ ನಿವೃತ್ತಿಯಾಗಿಲ್ಲ, ಅದು ಇಂಥ ಆಸ್ಕಿ ಫಾಂಟುಗಳನ್ನಷ್ಟೇ ಚೆನ್ನಾಗಿ ಬಲ್ಲದು.

ಆಸ್ಕಿ ಫಾಂಟಿನ ಗುಟ್ಟೇನು? ಕಣ್ಣಿಗೆ ಕನ್ನಡ, ಹೊಟ್ಟೆಯಲ್ಲಿ ರೋಮನ್. ನುಡಿಯಲ್ಲಿ ‘ಕನ್ನಡ’ ಎಂದು ಟೈಪಿಸಿ ಆ ಪದಕ್ಕೆ ಮಾಮೂಲಿ ಇಂಗ್ಲಿಷ್ ಫಾಂಟ್ ಹಾಕಿ ನೋಡಿ. ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೀಟು ಹೊತ್ತ ಎ, ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಎಸ್ಸೆಟ್ ಅಕ್ಷರ, ಸಣ್ಣ ಕ್ಯೂ, ಮತ್ತೊಮ್ಮೆ ಎ. ಏಳು ಗುರುತುಗಳ ಈ ಗೊಂಚಲೇ ಡಿಸ್ಕಿನ ಮೇಲೆ ನಿಜವಾಗಿ ಇರುವುದು. ಹುಡುಕುವ ಪೆಟ್ಟಿಗೆಯಲ್ಲಿ ನೀವು ಯೂನಿಕೋಡಿನಲ್ಲಿ ‘ಕನ್ನಡ’ ಎಂದು ಕೊಟ್ಟರೆ ಕಂಪ್ಯೂಟರು ಇಡೀ ಡಿಸ್ಕನ್ನು ಜಾಲಾಡಿ, ಏನೂ ಇಲ್ಲ ಎಂದು ಸತ್ಯವನ್ನೇ ಹೇಳುತ್ತದೆ. ಸಾವಿರ ಪುಟ ಕನ್ನಡ ಅಲ್ಲೇ ಬಿದ್ದಿರುತ್ತದೆ.

ಸ್ಕ್ಯಾನ್ ಮಾಡಿದ ಹಳೆಯ ಪುಟಗಳ ಪಿಡಿಎಫ್ ಆದರೆ ಅದು ಬರೀ ಚಿತ್ರ, ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸದ ಹೊರತು ಅದರೊಳಗೆ ಹುಡುಕಲು ಏನೂ ಇಲ್ಲ. ಯೂನಿಕೋಡಿನಲ್ಲೇ ಟೈಪಿಸಿದವರೂ ಪೂರ್ತಿ ಪಾರಲ್ಲ. ‘ಸಾಫ್ಟ್‌ವೇರ್’ ಎಂಬಂಥ ಪದದಲ್ಲಿ ವಕಾರ ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಗುರುತೊಂದನ್ನು ಹಾಕುತ್ತೇವೆ. ಒಬ್ಬರು ಹಾಕಿ, ಇನ್ನೊಬ್ಬರು ಹಾಕದೆ ಬಿಟ್ಟರೆ ಅನೇಕ ತಂತ್ರಾಂಶಗಳ ಲೆಕ್ಕದಲ್ಲಿ ಅವು ಎರಡು ಬೇರೆ ಪದ. ಇನ್ನು ಫೈಲಿನ ಹೆಸರಿನಲ್ಲಿ ಹುಡುಕೋಣವೆಂದರೆ ಅಲ್ಲೂ ರಗಳೆ. ಹಳೆಯ ಅಭ್ಯಾಸದಂತೆ ಹೆಸರು ಇಂಗ್ಲಿಷ್ ಅಕ್ಷರದಲ್ಲಿರುತ್ತದೆ. ‘ಮದುವೆ’ ಎಂದು ಬರೆಯಲು ಒಬ್ಬ ಬರೀ ಡಿ ಹಾಕಿದರೆ ಇನ್ನೊಬ್ಬ ಡಿಎಚ್ ಹಾಕುತ್ತಾನೆ. ವಕಾರಕ್ಕೆ ಒಬ್ಬನದು ವಿ, ಒಬ್ಬನದು ಡಬ್ಲ್ಯು. ಮೂರನೆಯವನು ‘ಮ್ಯಾರೇಜ್’ ಎಂದೇ ಬರೆದು ಮುಗಿಸಿರುತ್ತಾನೆ. ಹಾಗಾಗಿ ‘ಹುಡುಕಿದರೆ ಸಿಗುತ್ತದೆ’ ಎಂಬುದು ಬೇರೆಯವರ ಸೌಕರ್ಯ. ನಮಗೆ ಸಿಗಬೇಕಾದರೆ ಇಟ್ಟ ಜಾಗ ಗೊತ್ತಿರಬೇಕು.

ಹುಡುಕಾಟ ಚೆನ್ನಾಗಿರುವ ಕಡೆಯೂ ಜನ ಫೋಲ್ಡರಿನ ಹಾದಿಯನ್ನೇ ಹಿಡಿಯುತ್ತಾರೆ ಎಂಬುದನ್ನು ಬರ್ಗ್‌ಮನ್ ಬೇರೆ ಅಧ್ಯಯನಗಳಲ್ಲಿ ತೋರಿಸಿದ್ದಾರೆ. 2015ರಲ್ಲಿ ಅವರ ತಂಡ ಮಿದುಳಿನ ಚಿತ್ರಣ ತೆಗೆದು ನೋಡಿದಾಗ, ಫೋಲ್ಡರ್ ಬಿಚ್ಚಿ ಒಳಗೆ ಹೋಗುವಾಗ ಕೆಲಸ ಮಾಡುವುದು ನಾವು ಬೀದಿಯಲ್ಲಿ ದಾರಿ ಹಿಡಿದು ನಡೆಯುವಾಗ ಕೆಲಸ ಮಾಡುವ ಭಾಗಗಳೇ ಎಂದು ಕಂಡಿತು. ಪದ ಕೊಟ್ಟು ಹುಡುಕುವಾಗ ಭಾಷೆಗೆ ಸಂಬಂಧಿಸಿದ ಭಾಗ ದುಡಿಯಬೇಕಾಗುತ್ತದಂತೆ. ಫೋನಿನಲ್ಲಿ ಮಾತಾಡುತ್ತಲೇ ಡಿ ಡ್ರೈವಿನೊಳಗೆ ನಾಲ್ಕು ಮೆಟ್ಟಿಲಿಳಿದು ಬೇಕಾದ ಫೈಲನ್ನು ತೆಗೆಯುವ ಕ್ಲರ್ಕನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗಾದರೆ ಕೆಲಸಕ್ಕೊಂದು ಫೋಲ್ಡರ್ ಎಂದ ಕೂಡಲೇ ಎಲ್ಲ ಸುಸೂತ್ರವೇ? ಇಲ್ಲಿ ಒಂದು ನಿಜವಾದ ತೊಡಕಿದೆ. ಊರ ಕೆರೆಯ ಫೋಟೊ ಒಂದಿದೆ ಎನ್ನಿ. ಅದು ಸ್ಮರಣ ಸಂಚಿಕೆಗೂ ಬೇಕು, ಪಂಚಾಯಿತಿಯ ವರದಿಗೂ ಬೇಕು. ಎಲ್ಲಿಡುವುದು? ಗ್ರಂಥಾಲಯದವರನ್ನು ಕಾಡಿದ ಹಳೆಯ ಪ್ರಶ್ನೆ ಇದು. ಕೆರೆ ನೀರಾವರಿಯ ಇತಿಹಾಸದ ಪುಸ್ತಕ ಕೃಷಿಯ ಕಪಾಟಿಗೋ ಇತಿಹಾಸದ ಕಪಾಟಿಗೋ? ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಜೀವಮಾನವಿಡೀ ಇಂಥ ಪ್ರಶ್ನೆಗಳ ಜೊತೆ ಜಟಾಪಟಿ ನಡೆಸಿದವರು. ಮದರಾಸಿನಲ್ಲಿದ್ದಾಗ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಿ ಅವರು ಒಂದು ಪುಸ್ತಕವನ್ನು ಒಂದೇ ಕೊಂಬೆಗೆ ಕಟ್ಟಿಹಾಕುವ ಬದಲು ಅದರ ವಿಷಯ, ಕ್ರಿಯೆ, ದೇಶ, ಕಾಲ ಮುಂತಾದ ಮುಖಗಳನ್ನು ಬೇರೆಬೇರೆಯಾಗಿ ಗುರುತಿಸಿ ಚಿಹ್ನೆಗಳಿಂದ ಪೋಣಿಸಿದರು. ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಅವರು ಆರಂಭಿಸಿದ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಡಿಆರ್‌ಟಿಸಿ, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಭಾಗವಾಗಿ ಇವತ್ತಿಗೂ ಇದೆ. ಓದುಗನ ಸಮಯ ಉಳಿಸು ಎಂಬುದು ಗ್ರಂಥಾಲಯಗಳಿಗಾಗಿ ಅವರು ರೂಪಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು.

ಆದರೆ ಅಷ್ಟು ಮುಖಗಳಿಗೆ ಪೂರ್ತಿ ನ್ಯಾಯ ಸಲ್ಲಿಸಲು ನಮ್ಮಂಥವರಿಂದ ಆಗದು. ಟ್ಯಾಗ್ ಹಚ್ಚಿಡಿ ಎಂದು ತಂತ್ರಾಂಶದವರು ಹೇಳುತ್ತಾರೆ, ಮೊದಲ ವಾರ ಹಚ್ಚುತ್ತೇವೆ, ಎರಡನೇ ವಾರ ಬಿಡುತ್ತೇವೆ. ಗ್ರಂಥಪಾಲಕರಿಗೆ ಅದು ವೃತ್ತಿ, ನಮಗೆ ತಲೆನೋವು. ನನ್ನ ಮಟ್ಟಿಗೆ ಲೆಕ್ಕ ಸರಳ. ಇನ್ನು ತಿದ್ದುವುದಿಲ್ಲ ಎಂಬಂಥ ವಸ್ತುವಾದರೆ, ಅಂದರೆ ಫೋಟೊ, ಸಹಿಯಾದ ಪತ್ರ, ಸ್ಕ್ಯಾನ್ ಪುಟದಂಥದ್ದಾದರೆ, ಎರಡೂ ಕೆಲಸದ ಫೋಲ್ಡರಿನಲ್ಲಿ ಒಂದೊಂದು ಪ್ರತಿ ಇರಲಿ. ಡಿಸ್ಕಿನ ಜಾಗ ಅಗ್ಗ, ಹೊತ್ತು ದುಬಾರಿ. ಇನ್ನೂ ತಿದ್ದುತ್ತಿರುವ ಬರಹ ಮಾತ್ರ ಎರಡು ಕಡೆ ಇರಲೇ ಕೂಡದು. ಇಲ್ಲಿ ಅರ್ಧ ತಿದ್ದಿ ಅಲ್ಲಿ ಅರ್ಧ ತಿದ್ದಿದ ಲೇಖನವನ್ನು ಸರಿಮಾಡುವುದಕ್ಕಿಂತ ಹೊಸದಾಗಿ ಬರೆಯುವುದೇ ಸುಲಭ.

ಪುಟ ಕಟ್ಟುವ ತಂತ್ರಾಂಶಗಳಿಗೆ ಈ ವಿಷಯ ನಮಗಿಂತ ಚೆನ್ನಾಗಿ ಗೊತ್ತು. ಪೇಜ್‌ಮೇಕರ್ ದೊಡ್ಡ ಚಿತ್ರವನ್ನು ತನ್ನೊಳಗೆ ಸೇರಿಸಿಕೊಳ್ಳದೆ ಅದರ ವಿಳಾಸವನ್ನಷ್ಟೇ ಬರೆದಿಟ್ಟುಕೊಳ್ಳುವುದುಂಟು. ಅಚ್ಚುಕಟ್ಟು ಮಾಡೋಣವೆಂದು ಯಾರೋ ಆ ಚಿತ್ರವನ್ನು ಪಿಕ್ಚರ್ಸ್ ಫೋಲ್ಡರಿಗೆ ಸಾಗಿಸಿದರೆ ಕೊಂಡಿ ತಪ್ಪುತ್ತದೆ. ಪರದೆಯ ಮೇಲೆ ಮಸುಕಾದ ನೆರಳು ಉಳಿದಿರುತ್ತದಾದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಪ್ರಿಂಟಾದ ಮೇಲೆ ದಾನಿಗಳ ಮುಖ ಚೌಕುಳಿ ಚೌಕುಳಿಯಾಗಿ ಬಂದಾಗಲೇ ಗೊತ್ತಾಗುವುದು. ಅದೇ ಕಂಪನಿಯ ಇನ್‌ಡಿಸೈನ್‌ನಲ್ಲಿ ಪ್ಯಾಕೇಜ್ ಎಂಬ ಆಜ್ಞೆಯಿದೆ. ಒತ್ತಿದರೆ ಪುಟದ ಫೈಲು, ಬಳಸಿದ ಚಿತ್ರಗಳು, ಫಾಂಟುಗಳು ಎಲ್ಲವನ್ನೂ ಒಂದೇ ಫೋಲ್ಡರಿಗೆ ತುಂಬಿ ಕೊಡುತ್ತದೆ. ಕೆಲಸವೆಂದರೆ ಒಂದು ಫೋಲ್ಡರ್ ಎಂಬುದನ್ನು ಅದು ಮೆನುವಿನಲ್ಲೇ ಬರೆದಿಟ್ಟಂತಾಯಿತು. ಈ ಆಜ್ಞೆಯನ್ನು ಎಂದೂ ಒತ್ತಿ ನೋಡದವರೇ ಹೆಚ್ಚು.

ಇನ್ನು ಹೆಸರಿಡುವ ವಿಚಾರ. ತಿಂಗಳ ಹೆಸರಿನಲ್ಲಿ ಫೋಲ್ಡರ್ ಮಾಡುವ ಚಟ ನಮ್ಮ ಕಚೇರಿಗಳಲ್ಲಿ ಬಲವಾಗಿದೆ. ಕನ್ನಡದಲ್ಲಿ ಹನ್ನೆರಡೂ ತಿಂಗಳನ್ನು ಬರೆದಿಟ್ಟು ಅಕಾರಾದಿಯಾಗಿ ಜೋಡಿಸಿ ನೋಡಿ: ಅಕ್ಟೋಬರ್, ಆಗಸ್ಟ್, ಏಪ್ರಿಲ್, ಜನವರಿ, ಜುಲೈ, ಜೂನ್, ಡಿಸೆಂಬರ್... ಕೊನೆಗೆ ಸೆಪ್ಟೆಂಬರ್. ಈ ಪಂಚಾಂಗ ಯಾವ ಜೋಯಿಸರಿಗೂ ಅರ್ಥವಾಗದು. ತಾರೀಕನ್ನು ನಾವು ಹೇಳುವ ಕ್ರಮದಲ್ಲಿ, ದಿನ ಮೊದಲು, ಬರೆದರೂ ಅದೇ ಅವಸ್ಥೆ. ಎಲ್ಲ ತಿಂಗಳ 1ನೇ ತಾರೀಕುಗಳು ಒಟ್ಟಿಗೆ ಕೂತು 2ನೇ ತಾರೀಕುಗಳಿಗೆ ದಾರಿ ಬಿಡುವುದಿಲ್ಲ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ತಿಂಗಳಿಗೂ ದಿನಕ್ಕೂ ಎರಡೆರಡು ಅಂಕಿ ಕೊಟ್ಟು 2024-11-01 ಎಂದು ಬರೆದರೆ ಹೆಸರಿನ ಕ್ರಮವೂ ಕಾಲದ ಕ್ರಮವೂ ಒಂದೇ ಆಗುತ್ತದೆ. ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ 1988ರಲ್ಲಿ ಹೇಳಿದ್ದು ಇದನ್ನೇ. ವಾಟ್ಸಾಪ್ ಕೂಡ ಫೋನಿನಲ್ಲಿ ಚಿತ್ರಗಳಿಗೆ ಹೆಸರಿಡುವಾಗ ವರ್ಷವನ್ನೇ ಮುಂದಿಡುತ್ತದೆ. ಆದರೆ ಅದನ್ನು ನೆಚ್ಚಿ ಕೂರಬೇಡಿ. ಆ ತಾರೀಕು ಚಿತ್ರ ನಿಮ್ಮ ಕೈ ಸೇರಿದ ದಿನದ್ದು, ತೆಗೆದ ದಿನದ್ದಲ್ಲ. ಫೋಟೊ ಎಂದು ಕಳಿಸಿದರೆ ಅದರೊಳಗಿದ್ದ ತೆಗೆದ ದಿನದ ವಿವರವನ್ನೂ ವಾಟ್ಸಾಪ್ ಒರೆಸಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿದರೆ ಆ ವಿವರ ಉಳಿಯುತ್ತದೆ, ಅಚ್ಚಿಗೆ ಬೇಕಾದ ಸ್ಪಷ್ಟತೆಯೂ ಉಳಿಯುತ್ತದೆ.

‘ಫೈನಲ್’ ಎಂಬ ಹೆಸರನ್ನಂತೂ ನಿಷೇಧಿಸಬೇಕು. ಅಧ್ಯಕ್ಷರ ಭಾಷಣದಲ್ಲಿ ತಮ್ಮ ಹೆಸರು ಬಿಟ್ಟುಹೋಗಿದೆ ಎಂದು ಉಪಾಧ್ಯಕ್ಷರು ಫೋನು ಮಾಡುವವರೆಗೆ ಯಾವುದೂ ಫೈನಲ್ ಅಲ್ಲ. 01, 02, 03 ಎಂದು ಅಂಕಿ ಹಾಕುತ್ತ ಹೋದರೆ ದೊಡ್ಡ ಅಂಕಿಯದೇ ಇತ್ತೀಚಿನದು ಎಂಬುದರಲ್ಲಿ ಜಗಳವಿರುವುದಿಲ್ಲ. ಮುಂದೆ ಸೊನ್ನೆ ಬೇಕು. ಇಲ್ಲವಾದರೆ ಎಷ್ಟೋ ಕಡೆ 1ರ ಪಕ್ಕಕ್ಕೆ 10 ಬಂದು ನಿಲ್ಲುತ್ತದೆ, 2 ಆಮೇಲೆ. ಹೆಸರು ಗಿಡ್ಡವಿದ್ದು ನೆಲೆಯನ್ನು ಹೇಳುವಂತಿರಬೇಕು ಎಂಬುದಕ್ಕೆ ನಮ್ಮಲ್ಲೇ ಒಳ್ಳೆಯ ಮಾದರಿಯಿದೆ. ಶಾಸನತಜ್ಞ ಬಿ. ಎಲ್. ರೈಸ್ 1886ರಿಂದ 1905ರವರೆಗೆ ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳನ್ನು ತಂದಾಗ ಶಾಸನಗಳನ್ನು ರಾಜವಂಶವಾರು ಹಂಚಲಿಲ್ಲ, ಕಲ್ಲೋ ತಾಮ್ರವೋ ಎಂದೂ ಹಂಚಲಿಲ್ಲ. ಬಹುಪಾಲು ಜಿಲ್ಲೆವಾರು ಸಂಪುಟಗಳು, ಅವುಗಳೊಳಗೆ ತಾಲ್ಲೂಕು, ಅದರೊಳಗೆ ಸಂಖ್ಯೆ. ಶಾಸನದ ಕಾಲದ ಬಗ್ಗೆ ವಿದ್ವಾಂಸರ ಅಭಿಪ್ರಾಯ ಬದಲಾದೀತು, ಕಲ್ಲು ನಿಂತ ಊರು ಅಷ್ಟು ಸುಲಭಕ್ಕೆ ಬದಲಾಗದು. ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕೃತ ಸಂಪುಟಗಳನ್ನು ತಂದಾಗ ಸಂಖ್ಯೆಗಳು ಬದಲಾದವು. ಒಮ್ಮೆ ಹತ್ತಾರು ಕಡೆ ಉಲ್ಲೇಖವಾದ ಹೆಸರನ್ನು ಬದಲಿಸಿದರೆ ಹಳೆಯದನ್ನೂ ಹೊಸದನ್ನೂ ಜೊತೆಗೆ ಹೊತ್ತು ತಿರುಗಬೇಕಾಗುತ್ತದೆ ಎಂಬುದು ಶಾಸನ ಓದುವವರಿಗೆ ಗೊತ್ತು.

ಅತಿಯೂ ಬೇಡ. ಕೆಲವರಿಗೆ ಫೋಲ್ಡರ್ ಮಾಡುವುದೇ ಕೆಲಸವಾಗಿ, ಕೆಲಸ ಹಿಂದೆ ಬೀಳುತ್ತದೆ. ವರ್ಷದೊಳಗೆ ಇಲಾಖೆ, ಇಲಾಖೆಯೊಳಗೆ ಯೋಜನೆ, ಯೋಜನೆಯೊಳಗೆ ಪತ್ರ, ಪತ್ರದೊಳಗೆ ಒಳಬಂದದ್ದು, ಅದರೊಳಗೆ ಒಂದೇ ಒಂದು ಫೈಲು. ವಿಂಡೋಸಿನಲ್ಲಿ ಇಡೀ ವಿಳಾಸದ ಉದ್ದಕ್ಕೆ 260 ಅಕ್ಷರಗಳ ಹಳೆಯ ಮಿತಿಯೊಂದಿದೆ, ಬಹಳ ತಂತ್ರಾಂಶಗಳು ಈಗಲೂ ಅದನ್ನು ದಾಟುವುದಿಲ್ಲ. ಕನ್ನಡದಲ್ಲಿ ಹೆಸರಿಡುವವರಿಗೆ ಇದು ಬೇಗ ತಟ್ಟುತ್ತದೆ. ‘ಸ್ಮರಣ’ದ ಮೊದಲಕ್ಷರ ನಮ್ಮ ಕಣ್ಣಿಗೆ ಒಂದು, ಯಂತ್ರದ ಲೆಕ್ಕದಲ್ಲಿ ಸಕಾರ, ಹಲಂತದ ಗುರುತು, ಮಕಾರ ಸೇರಿ ಮೂರು. ಹಾರ್ಡ್ ಡಿಸ್ಕಿನಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಆಳದಲ್ಲಿದ್ದ ಫೈಲುಗಳು ಹಿಂದೆ ಉಳಿದರೆ ಕಾರಣ ಇದೂ ಇರಬಹುದು.

ರಾಶಿ ಹಾಕುವವರ ಪರವಾಗಿಯೂ ಒಂದು ಮಾತು ಹೇಳಬೇಕು. ಅಮೆರಿಕದ ಥಾಮಸ್ ಮ್ಯಾಲೋನ್ 1983ರಲ್ಲೇ ಕಚೇರಿಯ ಮೇಜುಗಳನ್ನು ಅಧ್ಯಯನ ಮಾಡಿ, ಅಚ್ಚುಕಟ್ಟಾಗಿ ಜೋಡಿಸುವವರು, ರಾಶಿ ಒಟ್ಟುವವರು ಎಂದು ಎರಡು ಬಗೆಯವರನ್ನು ತೋರಿಸಿದ್ದರು. ಮೇಜಿನ ಮೇಲಿನ ರಾಶಿ ಸುಮ್ಮನೆ ಬಿದ್ದಿರುವುದಲ್ಲ, ಮಾಡಬೇಕಾದ ಕೆಲಸವನ್ನು ನೆನಪಿಸುವ ಉಪಾಯವೂ ಹೌದು ಎಂಬುದು ಅವರ ಗಮನಕ್ಕೆ ಬಂದಿತ್ತು. ಜಪಾನಿನ ಅರ್ಥಶಾಸ್ತ್ರಜ್ಞ ಯುಕಿಯೊ ನೊಗುಚಿ 1993ರ ತಮ್ಮ ಪುಸ್ತಕದಲ್ಲಿ ವಿಂಗಡಣೆಯನ್ನೇ ಕೈಬಿಡಿ ಎಂದರು. ಕೆಲಸಕ್ಕೊಂದು ದೊಡ್ಡ ಲಕೋಟೆ, ಬಳಸಿದ್ದನ್ನು ಮತ್ತೆ ಕಪಾಟಿನ ಎಡತುದಿಗೆ ಇಡುವುದು, ಅಷ್ಟೇ. ಬಳಸದವು ತಾವಾಗಿಯೇ ಬಲಕ್ಕೆ ಸರಿಯುತ್ತ ಹೋಗುತ್ತವೆ. ಗಮನಿಸಿ, ವಿಂಗಡಣೆ ಬೇಡವೆಂದ ಮನುಷ್ಯನೂ ಕೆಲಸಕ್ಕೊಂದು ಲಕೋಟೆಯನ್ನು ಬಿಡಲಿಲ್ಲ.

ನಮ್ಮಲ್ಲಿ ಯಾರೂ ಮಾಡದ ಭಾಗವೆಂದರೆ ಕೆಲಸ ಮುಗಿಸುವುದು. ಸಂಚಿಕೆ ಬಿಡುಗಡೆಯಾಗಿ ಶಾಲು, ಹಾರ, ಫೋಟೊ ಎಲ್ಲ ಆದ ಮೇಲೂ ಫೋಲ್ಡರು ಡೆಸ್ಕ್‌ಟಾಪಿನ ಮೇಲೆ ಹಾಗೇ ಕೂತಿರುತ್ತದೆ. ಕಚೇರಿಯಲ್ಲಾದರೆ ‘ಕಡತ ಮುಕ್ತಾಯಗೊಳಿಸಬಹುದು’ ಎಂದು ಬರೆದು, ಎಷ್ಟು ಕಾಲ ಇಟ್ಟುಕೊಳ್ಳಬೇಕೆಂಬ ವರ್ಗ ನಮೂದಿಸಿ ರೆಕಾರ್ಡ್ ರೂಮಿಗೆ ಕಳಿಸುತ್ತಾರೆ. ಕಂಪ್ಯೂಟರಿನ ಮುಕ್ತಾಯಕ್ಕೆ ಬೇಕಾದ್ದೂ ಬಹಳವಿಲ್ಲ. ಅಚ್ಚಿಗೆ ಹೋದ ಪಿಡಿಎಫ್, ಪುಟದ ಮೂಲ ಫೈಲು, ಚಿತ್ರಗಳು, ಬಳಸಿದ ಫಾಂಟುಗಳು, ಜೊತೆಗೆ ಒಂದು ಚಿಕ್ಕ ಬರಹ: ಇದು ಏನು, ಯಾರಿಗೆ ಮಾಡಿದ್ದು, ಯಾವ ತಂತ್ರಾಂಶ, ಯಾವ ಫಾಂಟು. ಆಸ್ಕಿ ಫೈಲಾದರೆ ‘ನುಡಿ 01 ಇ’ ಎಂದು ಫಾಂಟಿನ ಪೂರ್ತಿ ಹೆಸರು ಬರೆದಿಡುವುದು ಕಡ್ಡಾಯ. ಫಾಂಟು ಕಳೆದರೆ ಉಳಿಯುವುದು ಆ ಓರೆಗೀಟಿನ ಎ ಮತ್ತು ಪೌಂಡ್ ಚಿಹ್ನೆಗಳೇ. ಸಾಧ್ಯವಾದರೆ ಲೇಖನಗಳ ಯೂನಿಕೋಡ್ ಪ್ರತಿಯನ್ನೂ ಸೇರಿಸಬೇಕು. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒಮ್ಮೆ ಓದಲೇಬೇಕು. ನಡುವೆ ಇಂಗ್ಲಿಷಿನಲ್ಲಿದ್ದ ಇಮೇಲ್ ವಿಳಾಸ, ಕಂಪನಿಯ ಹೆಸರು, ಪುಸ್ತಕದ ಹೆಸರುಗಳನ್ನೂ ಅದು ಕನ್ನಡವೆಂದೇ ತಿಳಿದು ವಿಚಿತ್ರ ಒತ್ತಕ್ಷರಗಳನ್ನು ಮಾಡಿಟ್ಟಿರುತ್ತದೆ.

ಇದಕ್ಕೆಲ್ಲ ಅಂಗಡಿಯವರಿಗೆ ಪುರುಸೊತ್ತೆಲ್ಲಿ ಎಂದು ಕೇಳಬಹುದು. ಆಷಾಢದಲ್ಲಿ ಮದುವೆ ಪತ್ರಿಕೆಗಳಿಲ್ಲ, ಗೃಹಪ್ರವೇಶಗಳಿಲ್ಲ, ಅಂಗಡಿಯಲ್ಲಿ ಫ್ಯಾನು ತಿರುಗುತ್ತಿರುತ್ತದೆ. ಆಗ ಎಲ್ಲಕ್ಕೂ ಕೈ ಹಾಕುವುದು ಬೇಡ. ಹಳೆಯ ಮದುವೆ ಪತ್ರಿಕೆಗಳನ್ನು ಯಾರೂ ಕೇಳಿಕೊಂಡು ಬರುವುದಿಲ್ಲ, ಜಾಹೀರಾತಿನವರಲ್ಲಿ ಹೆಚ್ಚಿನವರು ಹೊಸದೇ ಕೊಡುತ್ತಾರೆ. ಶುರು ಮಾಡಬೇಕಾದ್ದು ಸ್ಮರಣ ಸಂಚಿಕೆಗಳಿಂದ. ಊರಿನ ಕೆರೆ, ಶಾಲೆ, ಗ್ರಾಮದೇವತೆಯ ಜಾತ್ರೆ, ಮೊದಲ ಬಸ್ಸು, ಹಳೆಯ ನಾಟಕ ಮಂಡಳಿ, ಇವುಗಳ ಬಗ್ಗೆ ಅಲ್ಲಿನ ಹಿರಿಯರು ಬರೆದ ನಾಲ್ಕು ನಾಲ್ಕು ಪುಟ ಎಷ್ಟೋ ಸಲ ಆ ಸಂಚಿಕೆ ಬಿಟ್ಟರೆ ಬೇರೆಲ್ಲೂ ಅಚ್ಚಾಗಿರುವುದಿಲ್ಲ. ಮೂಲ ಫೈಲು ಅದೇ ಅಂಗಡಿಯ ಡಿ ಡ್ರೈವಿನಲ್ಲಿ, ಬಹುಶಃ ನ್ಯೂ ಫೋಲ್ಡರ್ (2)ರ ಒಳಗೆ, ಆಸ್ಕಿಯಲ್ಲಿ ಇರುತ್ತದೆ.